ತಾತ ಒಳಗೆ ಹೋದ ಮಧ್ಯಾಹ್ನ

ಮೊನ್ನೆ ಹಿಂದೂಪುರದ ನಮ್ಮ ಬೀದಿಯಲ್ಲಿ ಹಳೆಯದೊಂದು ಮನೆ ಕೆಡವುತ್ತಿದ್ದರು. ಒಣಗಿದ ಮಣ್ಣುಗೋಡೆ ಒಡೆದಾಗ ಏಳುವ, ಹುಲ್ಲು ಮತ್ತು ಒಲೆಹೊಗೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಸೆಟ್ಟೂರಿನಾಚೆಯ ಬಯಲಿನಲ್ಲಿದ್ದೆ. ಹತ್ತು ಮನೆಯೂ ಇಲ್ಲದ ಊರು ನಮ್ಮದು. ತಾತನೇ ನಿಂತು ಕಟ್ಟಿಸಿದ, ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಅಂಥ ಮನೆಯಲ್ಲಿ ಬೆಳೆದವರಾದರೆ, ಬೇಸಿಗೆಯಲ್ಲಿ ಸಾರಿಸಿದ ನೆಲಕ್ಕೆ ಕೆನ್ನೆಯಿಟ್ಟು ಮಲಗುವ ತಂಪು ನಿಮಗೂ ನೆನಪಿರುತ್ತದೆ.

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ ಆ ನೆಲದೊಳಗೆ ಸದ್ದು ಶುರುವಾಯಿತು. ಭಾರದ ಗಾಡಿ ದೂರದಲ್ಲಿ ಹಾದಂತೆ ಗುಡುಗುಟ್ಟಿ ನಿಂತುಬಿಡುತ್ತಿತ್ತು. ಕುರಿ ಮೇಯಿಸುವವರು "ಭೂಮಿ ಗುರಕ ಪೆಡ್ತಾಂದಿ" ಎಂದು, ಭೂಮಿ ಗೊರಕೆ ಹೊಡೆಯುತ್ತಿದೆಯೆಂದು, ತೆಲುಗಿನಲ್ಲಿ ನಗುತ್ತಿದ್ದರು. ಎಲ್ಲೋ ಬಂಡೆ ಸಿಡಿಸುತ್ತಿದ್ದಾರೆ ಎಂದರು ತಾತ. ಅಜ್ಜಿ ಮಾತ್ರ ನಗಲಿಲ್ಲ. ಹೆರಿಗೆಗೆ ಬಂದಿದ್ದ ಅತ್ತೆ ಒಳಕೋಣೆಯಲ್ಲಿ ಹಸುಗೂಸಿನೊಂದಿಗೆ ಮಲಗಿದ್ದಳು. ಬಾವಿಯ ನೀರು ಕೆಂಪಗೆ ಕದಡಿ ಬಂದ ಬೆಳಿಗ್ಗೆ ಅಜ್ಜಿ ಹೊಂಗೆಮರದಡಿ ಸೀರೆಯಿಂದ ಮರೆಕಟ್ಟಿ, ತಾಯಿ-ಮಗು ಇಬ್ಬರನ್ನೂ ಅಲ್ಲಿಗೆ ಕರೆತಂದಳು. ಬಾಣಂತಿಗೆ ಗಾಳಿ ತಾಕಿಸಿ ಕೊಲ್ಲುತ್ತೀಯಾ ಎಂದು ತಾತ ಕೂಗಾಡಿದರು.

"ಗಾಳಿ ತಾಕಿದ್ರೆ ಕಷಾಯ ಕುಡುಸ್ತೀನಿ. ಗೋಡೆ ಬಿದ್ರೆ ಏನ್ ಮಾಡ್ಲಿ?" ಎಂದಳು ಅಜ್ಜಿ. ತಾತ ಅವಳಿಗೆ ಬೆನ್ನು ಹಾಕಿ ಮರದ ಆಚೆಬದಿಗೆ ಹೋಗಿ ಕೂತರು.

ಮಧ್ಯಾಹ್ನ ಮಗು ಎರಡು ಸಲ ಸೀನಿತು. ತಾತ ಎದ್ದರು. ಅಜ್ಜಿಯ ಕಡೆ ನೋಡದೆ ಅತ್ತೆಗೆ, "ಕಂಬ್ಳಿ ತತ್ತೀನಿ, ಇರಮ್ಮ" ಎಂದು ಒಳಗೆ ಹೋದರು. ಮರದ ಹಕ್ಕಿಗಳೆಲ್ಲ ಒಮ್ಮೆಲೇ ಹಾರಿದವು. ನೆಲ ಕಾಲಡಿಯಿಂದ ಜರುಗಿ ನಾನು ಕುಸಿದು ಕೂತೆ. ಎದುರಿಗೆ ತೊಲೆಗಳು ಲಟಲಟನೆ ಮುರಿದು, ಮಾಳಿಗೆಯ ಮಣ್ಣೆಲ್ಲ ಮನೆಯೊಳಕ್ಕೆ ಇಳಿಯಿತು. ತೋಡಲು ಊರಲ್ಲಿ ಜನವೇ ಇರಲಿಲ್ಲ. ಇದ್ದವರ ಮನೆಗಳೂ ಬಿದ್ದಿದ್ದವು. ಕಲ್ಯಾಣದುರ್ಗದಿಂದ ಜೀಪು ಬರುವಷ್ಟರಲ್ಲಿ ಸಂಜೆಯಾಗಿತ್ತು. ತಾತ ಸಿಕ್ಕಾಗ ಉಸಿರಿರಲಿಲ್ಲ, ಕಂಬಳಿ ಎದೆಗವಚಿಕೊಂಡೇ ಇದ್ದರು.

ಅಜ್ಜಿಯಿಂದ ಎರಡು ಜೀವ ಉಳಿದವು ಎಂದು ಎಲ್ಲರೂ ಹೇಳಿದರು. ಅವಳು ಅದಕ್ಕೆ ಕಿವಿಗೊಡಲಿಲ್ಲ. ಅತ್ತೆಯ ಬಳಿ ಒಮ್ಮೆ ಮಾತ್ರ, "ಒಳೀಕ್ ಹೋಗೋದ್ ನೋಡ್ದೆ ಕಣಮ್ಮ. ಸಿಟ್ಟಿತ್ತು, ಬ್ಯಾಡ ಅನ್ಲಿಲ್ಲ" ಎಂದಿದ್ದಳು. ಆ ಮನೆಯನ್ನು ನಾವು ಮತ್ತೆ ಕಟ್ಟಲಿಲ್ಲ, ಹಿಂದೂಪುರಕ್ಕೆ ಬಂದುಬಿಟ್ಟೆವು. ಇಲ್ಲಿ ಹುಣಸೆಹಣ್ಣಿನ ಲಾರಿ ಹಾದು ಪಾತ್ರೆಗಳು ಅದುರಿದರೆ ಅಜ್ಜಿ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಯಾರೂ ಇಲ್ಲದ ಕೋಣೆಯತ್ತ ತಿರುಗಿ ಮೆಲ್ಲಗೆ, "ಈಚಿಕ್ ಬನ್ನಿ" ಎನ್ನುತ್ತಿದ್ದಳು.