ನೆಲಕ್ಕಿಟ್ಟ ಹಾಳೆ

ಅವ್ವನಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ನಮ್ಮಣ್ಣ ತೀರ್ಮಾನಿಸಿದ್ದು ಒಂದೇ ಕಾರಣಕ್ಕೆ. ಗೊಳಸಂಗಿಯ ಚಿಕ್ಕವ್ವನ ಮನೆಗೆ ಹೊರಟವಳು ಬಸ್ಸಿನಲ್ಲಿ ನಿದ್ದೆ ಹತ್ತಿ ಮುಂದಿನ ಸ್ಟಾಪಿನಲ್ಲಿ ಇಳಿದಿದ್ದಳು. ಅಣ್ಣ ಬಸ್ಸಿನಲ್ಲಿ ಗೊರಕೆ ಹೊಡೆಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವನನ್ನು ಯಾರೂ ದವಾಖಾನೆಗೆ ಎಳೆದೊಯ್ಯಲಿಲ್ಲ. ಬುದ್ಧಿಯ ಪರೀಕ್ಷೆ ಆಗುವತನಕ ಅವ್ವ ಒಬ್ಬಳೇ ಬಸ್ಸು ಹತ್ತಕೂಡದು ಎಂದು ಅಪ್ಪಣೆಯಾಯಿತು. ತಂಗಿಯ ಮನೆಗೆ ಹೋಗಿಬರುವುದೊಂದೇ ಅವಳಿಗಿದ್ದ ತಿರುಗಾಟ.

ಮುದ್ದೇಬಿಹಾಳದ ಖಾಸಗಿ ದವಾಖಾನೆಯಲ್ಲಿ ಪರೀಕ್ಷೆ ಮಾಡಿದ ಹುಡುಗಿ ಬೆಂಗಳೂರು ಕಡೆಯವಳು. ಒಳ್ಳೆಯವಳೇ, ಆದರೆ ಕೈಯಲ್ಲಿದ್ದ ಪ್ರಶ್ನೆಗಳಿಂದ ಒಂದಿಂಚು ಆಚೀಚೆ ಸರಿಯಲಿಲ್ಲ. ತಾರೀಖು ಕೇಳಿದರೆ ಅವ್ವ ನಾಗರ ಅಮಾವಾಸ್ಯೆಯಿಂದ ಲೆಕ್ಕ ಹಾಕಿ ತಿಥಿ ಹೇಳಿದಳು. ತಪ್ಪಂತೆ. ಅವ್ವನ ತವರು ಇಂಡಿ ತಾಲೂಕಿನಲ್ಲಿ ಮಹಾರಾಷ್ಟ್ರದ ಗಡಿಯಂಚಿನ ಹಳ್ಳಿ, ಕಲಿತದ್ದು ಮರಾಠಿ ಶಾಲೆಯಲ್ಲಿ. ನೂರರಿಂದ ಏಳೇಳು ಕಳೆಯುತ್ತ ಹೋಗು ಎಂದರೆ ಮರಾಠಿಯಲ್ಲಿ ಸರಾಗವಾಗಿ ಒಪ್ಪಿಸಿದಳು. ಕನ್ನಡದಲ್ಲೇ ಹೇಳಬೇಕು ಎಂದಳು ಹುಡುಗಿ. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಅಚ್ಚಾದ ಹಾಳೆಯೊಂದನ್ನು ತೋರಿಸಿ, ಬಲಗೈಯಲ್ಲಿ ತೆಗೆದುಕೊಂಡು, ಮಡಚಿ, ನೆಲದ ಮೇಲಿಡಲು ಹೇಳಿದಳು. ಅವ್ವ ತೆಗೆದುಕೊಂಡಳು, ನೀಟಾಗಿ ಮಡಚಿದಳು, ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟಳು. ಅಕ್ಷರವಿದ್ದ ಹಾಳೆ ನಮ್ಮಲ್ಲಿ ಜಾರಿ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬೇಕೆಂದೇ ನೆಲಕ್ಕೆ ಯಾರು ಇಡುತ್ತಾರೆ? ಹೇಳಿದ್ದು ನೆನಪಿನಲ್ಲಿ ಉಳಿಯಲಿಲ್ಲ ಎಂದು ಅಂಕ ಹೋಯಿತು. ನಾನು ವಿವರಿಸಲು ಬಾಯಿ ತೆರೆದರೆ, ನಡುವೆ ಮಾತಾಡಬೇಡಿ ಎಂದರು. ತಿಂಗಳು ಬಿಟ್ಟು ಮತ್ತೆ ಬರಬೇಕಂತೆ.

ಆ ತಿಂಗಳಿಡೀ ಅವ್ವನ ತಲೆ ತಿಂದೆ. ಕ್ಯಾಲೆಂಡರಿನ ತಾರೀಖು ಬಾಯಿಪಾಠ ಮಾಡಿಸಿದೆ, ಏಳೇಳು ಕಳೆಯುವುದನ್ನು ಕನ್ನಡದಲ್ಲಿ ಹೇಳಿಸಿದೆ. ಎಲ್ಲಕ್ಕೂ ಒಪ್ಪಿದಳು. ಹಾಳೆಯ ಮಾತಿಗೆ ಮಾತ್ರ ಬಗ್ಗಲಿಲ್ಲ.

"ಸರಸ್ವತಿನ್ನ ನೆಲಕ್ಕ ಇಟ್ಟು ಶಾಣ್ಯಾಕಿ ಅನಿಸ್ಕೋಬೇಕೇನು?" ಎಂದಳು.

ನನಗೂ ರೇಗಿತು. "ಹಂಗಾರ ತಂಗಿ ಮನಿ ಮರ್ತಬಿಡು," ಎಂದೆ. ಅವ್ವ ಎದ್ದು ಒಳಗೆ ಹೋದಳು.

ಎರಡನೆಯ ಸಲ ಅಣ್ಣನೂ ಜೊತೆಗೆ ಬಂದ. ನನ್ನನ್ನು ಗೋಡೆಯ ಬದಿಗೆ ಕೂರಿಸಿದರು. ತಾರೀಖು, ಲೆಕ್ಕ, ಎಲ್ಲ ಸರಿಹೋಯಿತು. ಹಾಳೆ ಬಂತು. ಅವ್ವ ಮಡಚಿದಳು, ಒಂದು ಗಳಿಗೆ ನನ್ನ ಕಡೆ ನೋಡಿದಳು, ಆಮೇಲೆ ಮೊಣಕಾಲು ಹಿಡಿದುಕೊಂಡು ಬಗ್ಗಿ ನೆಲಕ್ಕಿಟ್ಟಳು. ಹುಡುಗಿ ಖುಷಿಯಿಂದ ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದಳು. ಹಾಳೆ ಅಲ್ಲೇ, ಆ ಹುಡುಗಿಯ ಚಪ್ಪಲಿಯ ಪಕ್ಕದಲ್ಲಿ ಬಿದ್ದಿತ್ತು.

ಬುದ್ಧಿ ನೆಟ್ಟಗಿದೆ ಎಂದಾಯಿತು. ಬಸ್ ನಿಲ್ದಾಣದಲ್ಲಿ ಅಣ್ಣ ತಾನೇ ಮುಂದಾಗಿ ಗೊಳಸಂಗಿಯ ಬಸ್ಸು ತೋರಿಸಿ, ಇನ್ನು ಚಿಂತೆಯಿಲ್ಲ, ಹೋಗಿ ಬಾ ಎಂದ. ಅವ್ವ ಹತ್ತಲಿಲ್ಲ.

"ಇವತ್ತ ಬ್ಯಾಡಪಾ," ಎಂದಳು. "ಆವತ್ತ ನನ್ನ ಬುದ್ಧಿ ನೆಟ್ಟಗ ಇತ್ತು. ಕೆಟ್ಟಿದ್ದು ಇವತ್ತ."

ನನ್ನ ಮುಖ ನೋಡದೆ ಆಟೋ ಹತ್ತಿ ಕುಳಿತಳು.