ಕಾಕು ಹೇಳದ ಹೆಸರು

ದೆವ್ವ-ಭೂತದ ಮಾತು ಬಂದರೆ ನಾನು ನಗುವವಳು. ಯಂತ್ರಕ್ಕೂ ಮನಸ್ಸಿದೆ ಎನ್ನುವವರನ್ನು ಕಂಡರಂತೂ ಇನ್ನಷ್ಟು ನಗು. ಮಕ್ಕಳಿಗೆ ಚಿತ್ರಕಲೆ ಕಲಿಸಿ ಹೊಟ್ಟೆ ಹೊರೆಯುವ ನನಗೆ ಅಂಥ ಹುಚ್ಚಿಗೆಲ್ಲ ಪುರಸೊತ್ತಿಲ್ಲ. ಆದರೂ ಹೋದ ವರ್ಷದ ಆ ಮಧ್ಯಾಹ್ನವನ್ನು ನಕ್ಕು ಬಿಟ್ಟುಬಿಡಲು ನನ್ನಿಂದ ಆಗಿಲ್ಲ. ನೀವು ನಂಬಲೇಬೇಕು ಅಂತೇನೂ ಇಲ್ಲ.

ಮನುಷ್ಯ ಮತ್ತು ಕೃತಕ ಬುದ್ಧಿಮತ್ತೆ ಎಂಬ ವಿಷಯದ ಮೇಲೆ ಬೆಳಗಾವಿಯಲ್ಲಿ ನಾವು ಕೆಲವರು ಸೇರಿ ಕಲಾಪ್ರದರ್ಶನ ಇಟ್ಟಿದ್ದೆವು. ಒಬ್ಬರು ಕಂಪ್ಯೂಟರ್ ಬರೆದ, ಎಲ್ಲೂ ಇಲ್ಲದ ಜನರ ಮುಖಗಳನ್ನು ತೂಗುಹಾಕಿದ್ದರು. ನಾನು ತೀರಿಹೋದ ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ದನಿಯನ್ನು ಇಟ್ಟೆ. ಖಾನಾಪುರದ ನಮ್ಮ ಕಾಕುವಿಗೆ ಮೊಬೈಲಿನಲ್ಲಿ ಅಕ್ಷರ ಒತ್ತುವುದೆಂದರೆ ಬೇಸರ. ಏನಿದ್ದರೂ ಮಾತಾಡಿಯೇ ಕಳಿಸುತ್ತಿದ್ದಳು. ಮೆಣಸಿನಕಾಯಿ ರೇಟು, ಸೊಂಟನೋವು, ನನ್ನ ಮದುವೆಯ ಚಿಂತೆ, ಎಲ್ಲ ಅರ್ಧ ಕನ್ನಡ, ಅರ್ಧ ಮರಾಠಿ. ಆ ಮಾತುಗಳನ್ನೆಲ್ಲ ಕೊಟ್ಟು ಕಂಪ್ಯೂಟರಿಗೆ ಅವಳ ದನಿ ಕಲಿಸಿದೆವು. ಅವಳ ಅಕ್ಕಿ ಡಬ್ಬಿಯೊಳಗೆ ಸ್ಪೀಕರ್ ಇಟ್ಟು, ಮುಂದೆ ಕೀಬೋರ್ಡ್ ಇಟ್ಟೆ. ಬಂದವರು ಏನು ಟೈಪ್ ಮಾಡಿದರೂ ಡಬ್ಬಿ ಕಾಕುವಿನ ದನಿಯಲ್ಲಿ ಓದುತ್ತಿತ್ತು. ಕಾಲೇಜು ಹುಡುಗರು ಕ್ರಿಕೆಟ್ ಆಟಗಾರರ ಹೆಸರುಗಳನ್ನು ಓದಿಸಿ ಬಿದ್ದು ಬಿದ್ದು ನಕ್ಕರು.

ಕೊನೆಯ ದಿನ ಕಾಕುವಿನ ಗಂಡ ಮಾರುತಿ ಕಾಕಾ ಖಾನಾಪುರದಿಂದ ಬಸ್ಸಿನಲ್ಲಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಸ ಟೋಪಿ. ಜನ ಕರಗುವ ತನಕ ಮೂಲೆಯಲ್ಲಿ ಕೂತಿದ್ದು, ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅಕಿ ಬಾಯಾಗ ನನ್ನ ಹೆಸರ ಒಮ್ಮೆರ ಕೇಳಬೇಕು ನೋಡವಾ" ಎಂದರು.

ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ ನಾಲ್ಕು ಜನ ಕಾಡಿಸಿದಾಗ ಪ್ರಾಸ ಕಟ್ಟಿ ಹೇಳುತ್ತಾರೆ. ಕಾಕು ಅದನ್ನೂ ಹೇಳದೆ, ನಾಚಿ ಒಳಗೆ ಓಡಿಹೋಗಿದ್ದಳಂತೆ. ಆಮೇಲೆ ಯಾರೂ ಕೇಳಲಿಲ್ಲ, ಸಂಸಾರ ಮುಗಿದೇ ಹೋಯಿತು. ನಾವಾದರೂ ಒಂದು ಹಬ್ಬದಲ್ಲಿ ಕಾಡಿ ಬೇಡಿ ಹೇಳಿಸಬಹುದಿತ್ತು. ನೆನೆದರೆ ಈಗಲೂ ಜೀವ ಮರುಗುತ್ತದೆ.

ಅದೇನು ಮಹಾ ಎಂದುಕೊಂಡು "ಮಾರುತಿ, ಚಹಾ ತಗೋರಿ" ಎಂದು ಟೈಪ್ ಮಾಡಿದೆ.

"ರೀ, ಚಹಾ ತಗೋರಿ" ಎಂದಿತು ಡಬ್ಬಿ.

ಪರದೆ ನೋಡಿದೆ, ಹೆಸರು ಸರಿಯಾಗಿಯೇ ಇತ್ತು. ಮತ್ತೆ ಒತ್ತಿದೆ, ಮತ್ತೆ ಅದೇ "ರೀ". ಅದೇ ವಾಕ್ಯಕ್ಕೆ ಬೇರೆ ಗಂಡಸಿನ ಹೆಸರು ಹಾಕಿದರೆ ಆರಾಮಾಗಿ ಓದಿತು. ಮಾರುತಿ ಗುಡಿ ಎಂದರೂ ಓದಿತು. ಕಾಕಾನನ್ನು ಕರೆಯುವ ಮಾತಿಗೆ ಮಾತ್ರ ಹೆಸರು ಬರಲೊಲ್ಲದು. ಪ್ರೋಗ್ರಾಮ್ ಮಾಡಿಕೊಟ್ಟ ಗೆಳತಿಯನ್ನು ಕರೆದು ತೋರಿಸಿದೆ. ಕಾಕುವಿನ ಮಾತಿನಲ್ಲಿ "ರೀ" ಬಹಳ ಇದ್ದದ್ದಕ್ಕೆ ಹಾಗಾಗಿರಬಹುದು ಎಂದಳು. ಹಾಗಾದರೆ ಉಳಿದವರ ಹೆಸರು ಹೇಗೆ ಹೇಳುತ್ತದೆ ಎಂದು ಕೇಳಿದೆ. ಅವಳೇ ಕೂತು ಟೈಪ್ ಮಾಡಿದಳು, ಮತ್ತೆ ಅದೇ "ರೀ".

ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. "ಬಿಡವಾ, ಅಕಿನ್ನ ಕಾಡಬ್ಯಾಡ. ನಾನರ ಎಲ್ಲಿ ಅಕಿ ಹೆಸರ ಹಿಡದ ಕರದೇನಿ? ಏ, ಇಲ್ಲಿ ಬಾ, ಅನಕೋತನ ಅಷ್ಟೂ ವರ್ಷ ತಗದ್ನಿ. ಅದ ಒಂದು ಹೊಟ್ಟ್ಯಾಗ ಕೊರೀತೈತಿ" ಎಂದರು.

ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಡಬ್ಬಿಯ ಹತ್ತಿರ ಬಾಗಿ, "ಸುಮಿತ್ರಾ" ಎಂದರು. ಇನ್ನೊಮ್ಮೆ ಕರೆದರು. ಡಬ್ಬಿಯೊಳಗೆ ಇದ್ದದ್ದು ಸ್ಪೀಕರ್ ಒಂದೇ, ಮೈಕ್ ಇರಲಿಲ್ಲ. ಟೈಪ್ ಮಾಡದ ಮಾತು ಅದಕ್ಕೆ ಮುಟ್ಟುವುದು ಸಾಧ್ಯವೇ ಇರಲಿಲ್ಲ.

ಕಾಕಾ ನನ್ನ ಕಡೆ ತಿರುಗಿದರು. "ಕೇಳಸ್ತು ಏನವಾ ಅಕಿಗೆ?"

"ಕೇಳಸ್ತು ಕಾಕಾ" ಎಂದೆ.

ಸುಳ್ಳು ಹೇಳಿದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.