ಚೊಂಬಿನಲ್ಲಿಟ್ಟ ದೆವ್ವ

ದೆವ್ವ ಆಡಿದ ಮಾತನ್ನು ನಾನು ತಪ್ಪಾಗಿ ಹೇಳಿದೆ, ಅದೂ ಬೇಕೆಂದೇ. ನಮ್ಮೂರಲ್ಲಿ ನನ್ನಂಥ ಕತ್ತೆಗಳು ಇನ್ನೂ ಇದ್ದಾವೆ. ಆದರೆ ದೆವ್ವದ ಬಾಯಿಗೇ ಕೈಹಾಕಿದ ಕತ್ತೆ ನಾನೊಬ್ಬನೇ.

ತೆಲಂಗಾಣ ಬೇರೆ ರಾಜ್ಯವಾದ ವರ್ಷ. ಅಪ್ಪನ ತಂಗಿ, ನಮ್ಮತ್ತೆ, ರಾಯಚೂರಿನಾಚೆಯ ಹಳ್ಳಿಯಿಂದ ನಾರಾಯಣಪೇಟೆಯ ನಮ್ಮ ಮನೆಗೆ ಬಂದಿದ್ದಳು. ಅವಳ ಒಬ್ಬಳೇ ಮಗಳು ಜ್ವರ ಬಂದು ಮೂರೇ ದಿನಕ್ಕೆ ತೀರಿಹೋಗಿ ತಿಂಗಳಾಗಿತ್ತು. ಅತ್ತೆ ರೊಟ್ಟಿ ಮುರಿಯುತ್ತಿದ್ದಳು, ಮುರಿದ ಚೂರನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು.

"ಯಾವುದಾರ ದೇವ್ರ ಸಿನಿಮಾ ತೋರಿಸ್ಕೊಂಡು ಬಾರೋ" ಎಂದ ಅಪ್ಪ.

ನಾನು ದೆವ್ವದ ಸಿನಿಮಾಕ್ಕೆ ಕರೆದುಕೊಂಡು ಹೋದೆ. ದೇವರೂ ಕಣ್ಣಿಗೆ ಕಾಣುವುದಿಲ್ಲ, ದೆವ್ವವೂ ಕಾಣುವುದಿಲ್ಲ, ಎರಡೂ ಒಂದೇ ಕುಲ ಎಂಬುದು ನನ್ನ ತರ್ಕ.

ಸಿನಿಮಾ ತೆಲುಗಿನದು. ಅತ್ತೆಗೆ ಕನ್ನಡ ಬಿಟ್ಟರೆ ಬೇರೇನೂ ಬಾರದು. ಹೀಗಾಗಿ ಪ್ರತಿ ಮಾತನ್ನೂ ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳುವ ಕೆಲಸ ನನ್ನ ಪಾಲಿಗೆ. ತೆರೆಯ ಮೇಲೆ ಬಾವಿಯಿಂದ ಒಬ್ಬ ಹುಡುಗಿ ಎದ್ದು ಬಂದಳು. ಎರಡು ಜಡೆ, ಕೆಂಪು ರಿಬ್ಬನ್ನು. ಒಂದು ಜಡೆ ಬಿಚ್ಚಿತ್ತು. ಅತ್ತೆಯ ಉಗುರು ನನ್ನ ತೋಳಿಗಿಳಿಯಿತು.

"ನನ್ನ ಕೂಸಿನಂಗ ಐತಲ್ಲೋ! ಏನಂತಾಳ?"

ನಿಮ್ಮ ಮನೆತನದ ನೆತ್ತರು ಕುಡಿಯದೆ ಬಿಡುವುದಿಲ್ಲ ಎಂದಿತ್ತು ದೆವ್ವ. ನಾನು ಹೇಳಿದೆ: "ಯವ್ವಾ, ಉಪಾಸ ಇರಬ್ಯಾಡ, ಉಣ್ಣು, ನಾ ಮತ್ತ ಬರ್ತೀನಿ ಅಂತಾಳ."

ಅವತ್ತು ಸಂಜೆ ಅತ್ತೆ ಮೂರು ರೊಟ್ಟಿ ತಿಂದಳು. ನಾನು ದೊಡ್ಡ ಡಾಕ್ಟರನ ಹಾಗೆ ಮೀಸೆ ತಿರುವಿದೆ. ಮೀಸೆ ಇರಲಿಲ್ಲ, ಬರಬೇಕಾದ ಜಾಗ ತಿರುವಿದೆ.

ಊರಿಗೆ ಹೋದ ಮೇಲೆ ಅವಳು ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಎರಡನೇದು ಬಂತೇನು?"

ಮೂರು ವರ್ಷಕ್ಕೆ ಆ ಸಿನಿಮಾದ ಎರಡನೇ ಭಾಗ ಬಂತು, ಹಿಂದೆಯೇ ಅತ್ತೆಯೂ ನಮ್ಮ ಮನೆಗೆ ಬಂದಳು. ನಮ್ಮ ಕಡೆ ಗದ್ವಾಲದಲ್ಲಿ ಮಾತ್ರ ಹಾಕಿದ್ದರು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟು, ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಆಟಕ್ಕೆ ಮುಟ್ಟಿದೆವು. ಅತ್ತೆಯ ಚೀಲದಲ್ಲಿ ಹೊಸ ಕೆಂಪು ರಿಬ್ಬನ್ನಿನ ಸುರುಳಿ ಇತ್ತು.

ಮೊದಲ ಐದು ನಿಮಿಷದಲ್ಲೇ ಮಂತ್ರವಾದಿಯೊಬ್ಬ ಹುಡುಗಿಯನ್ನು ತಾಮ್ರದ ಚೊಂಬಿಗಿಳಿಸಿ ಬಾಯಿ ಕಟ್ಟಿದ. ಆಮೇಲೆ ಬಂದದ್ದು ಒಬ್ಬ ಕೊಂಬಿನ ರಾಕ್ಷಸ. ಅವನು ಓಡಿದರೆ ಕೊಂಬು ಅಲ್ಲಾಡುತ್ತಿದ್ದವು. ಜನ ಸೀಟಿ ಹೊಡೆದು ನಕ್ಕರು. ಬೇರೆ ದಿನವಾಗಿದ್ದರೆ ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ.

"ಚೊಂಬಿನಾಗ ಕುಂತಾಳೇನು?"

"ಹೂಂ ಅತ್ತಿ."

"ಯಾವಾಗ ಬಿಡ್ತಾರ?"

"ಈಗ ಬಿಡ್ತಾರ."

ಹಾಡು ಬಂತು. ಹೊಡೆದಾಟ ಬಂತು. ಮತ್ತೆ ಹಾಡು.

"ಉಸುರು ಕಟ್ಟಂಗಿಲ್ಲೇನೋ ಆಕಿಗೆ?"

ಕಟ್ಟಕಡೆಗೆ ನಾಯಕ ಆ ಚೊಂಬನ್ನು ಕಟ್ಟಿದ ಹಾಗೆಯೇ ಹೊಳೆಗೆ ಎಸೆದ. ಲೈಟು ಹತ್ತಿದವು. ಹುಡುಗಿ ಒಂದು ಮಾತೂ ಆಡಿರಲಿಲ್ಲ. ಕನ್ನಡ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ರೊಟ್ಟಿಯ ಗಂಟು ಬಿಚ್ಚಲಿಲ್ಲ. ನಾನು ಬಿಚ್ಚಿ ಕೊಟ್ಟೆ. ಅವಳು ಒಂದು ಚೂರು ಮುರಿದಳು, ಅದನ್ನು ಬೆರಳಲ್ಲೇ ಹಿಡಿದುಕೊಂಡು ಕೂತಳು. ಮೂರು ವರ್ಷದ ಹಿಂದಿನ ಅದೇ ಚೂರು. ಬಸ್ಸು ಕೃಷ್ಣೆಯ ಮೇಲೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಅತ್ತಿ, ಅವತ್ತಿನ ಮಾತು ಆಕಿ ಅಂದಿದ್ದಲ್ಲ. ನಾನ ಹುಟ್ಟಿಸಿ ಹೇಳಿದ್ದು."

ಅತ್ತೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕೆಳಗೆ ನೀರು ತುಂಬಿತ್ತು.

"ಸುಳ್ಳು ಹೇಳಬ್ಯಾಡ. ಹತ್ತನೇದು ಮೂರು ಸಲ ಫೇಲಾದವ ನೀ, ಅಂಥಾ ಮಾತು ನಿನಗೆಲ್ಲಿಂದ ಬರಬೇಕು?" ಎನ್ನುತ್ತ ಚೀಲದಲ್ಲಿ ಕೈಯಾಡಿಸಿ ರಿಬ್ಬನ್ನು ತೆಗೆದಳು. "ಡ್ರೈವರಗ ತೆಲುಗಿನಾಗ ಹೇಳು, ಇಲ್ಲೇ ಜರಾ ನಿಂದ್ರಸಲಿ. ಆಕಿ ಜಡಿ ಬಿಚ್ಚೇತಿ."